ಷೂ ತಿಕ್ಕಿಕೊಂಡು ಹತ್ತಿದ ಫೆರಿ

ನ್ಯೂಜಿಲೆಂಡಿನ ಆಕ್ಲೆಂಡ್‌ನಿಂದ, ಹಕ್ಕಿಗಳಿಗೆಂದು ಕಾಯ್ದಿಟ್ಟ ಟಿರಿಟಿರಿ ಮಟಂಗಿ ದ್ವೀಪಕ್ಕೆ ಹೊರಡುವವರು ಮೊದಲು ಷೂ ತಿಕ್ಕಿಕೊಳ್ಳಬೇಕು. ಅಡಿಯಲ್ಲಿ ಮಣ್ಣು, ಹುಲ್ಲಿನ ಬೀಜ ಏನೂ ಉಳಿದಿರಬಾರದು. ಬಾಯಿ ತೆರೆದ ಕೈಚೀಲ ನಡೆಯದು, ಜಿಪ್ ಇರಲೇಬೇಕು. ಒಳಗೆ ಇಲಿಯೋ ಇರುವೆಯೋ ಸೇರಿಕೊಂಡಿಲ್ಲವೆಂದು ನಾವೇ ಕೆದಕಿ ನೋಡಿ ಖಾತ್ರಿ ಮಾಡಿಕೊಳ್ಳಬೇಕು. "ಮಾಮ, ಪ್ಯಾಂಟಿನ ಮಡಿಕೆನೂ ನೋಡ್ಕೊ, ಬೀಜ ಅಲ್ಲೇ ಕೂತಿರುತ್ತೆ" ಅಂದಳು ಅಕ್ಕನ ಮಗಳು. ವಿಮಾನ ನಿಲ್ದಾಣದ ತಪಾಸಣೆಗೆ ಸದಾ ಗೊಣಗುವ ನಾನು ಇದಕ್ಕೆ ಗೊಣಗಲಿಲ್ಲ. ಗಬ್ಬವಾದ ಒಂದೇ ಒಂದು ಇಲಿ ದಡ ಸೇರಿದರೂ ಸಾಕು, ನಲವತ್ತು ವರ್ಷದ ದುಡಿಮೆ ನೀರುಪಾಲು.

ಸುಮಾರು ಒಂದೂಕಾಲು ಗಂಟೆಯ ಪ್ರಯಾಣ. ದ್ವೀಪ ದೊಡ್ಡದೇನಲ್ಲ, 220 ಹೆಕ್ಟೇರ್. ನೂರಕ್ಕೂ ಹೆಚ್ಚು ವರ್ಷ ಇಲ್ಲಿ ಕುರಿ, ದನ ಮೇಯುತ್ತಿದ್ದವು. 1971ರಲ್ಲಿ ಮೇಯಿಸುವುದು ನಿಂತಾಗ ಕಾಡೆಂದು ಉಳಿದಿದ್ದು ಕೊರಕಲುಗಳಲ್ಲಿ ಅಲ್ಲಿಷ್ಟು ಇಲ್ಲಿಷ್ಟು. 1984ರಿಂದ ಹತ್ತು ವರ್ಷ ಜನ ದೋಣಿಯಲ್ಲಿ ಬಂದು, ದ್ವೀಪದ ನರ್ಸರಿಯಲ್ಲೇ ಬೆಳೆಸಿದ ಎರಡೂವರೆ ಲಕ್ಷಕ್ಕೂ ಹೆಚ್ಚು ಸಸಿ ನೆಟ್ಟರು. ಈ ದ್ವೀಪ ಸೈಂಟಿಫಿಕ್ ರಿಸರ್ವ್, ಅಂದರೆ ಅಧ್ಯಯನಕ್ಕೆಂದು ಕಾಯ್ದಿಟ್ಟ ಜಾಗ. ಇಂಥ ಕಡೆ ಸಾಮಾನ್ಯವಾಗಿ ಜನರಿಗೆ ಬಾಗಿಲು ಮುಚ್ಚಿರುತ್ತದೆ. ಇದು ಮಾತ್ರ ತೆರೆದ ರಿಸರ್ವ್. ನೆಟ್ಟವರನ್ನೇ ಹೊರಗಿಡುವುದು ಹೇಗೆ?

ನೆಟ್ಟ ಕಾಡು ಅಂದಾಗ ನನ್ನ ಕಣ್ಣಮುಂದೆ ಬಂದದ್ದು ಸಾಲುಸಾಲು ನೀಲಗಿರಿ ತೋಪು. ಇಲ್ಲಿ ಸಾಲು ಕಾಣಲೇ ಇಲ್ಲ. ಬೆಲ್‌ಬರ್ಡ್‌ಗಳ ಗದ್ದಲಕ್ಕೆ ಮುಂದೆ ಹೋಗುತ್ತಿದ್ದ ಗೈಡ್ ಹೇಳಿದ್ದು ಅರ್ಧ ಕೇಳಿಸಿತು, ಅರ್ಧ ಇಲ್ಲ. ಬೆನ್ನ ಮೇಲೆ ಕಂದು ತಡಿ ಹೊದ್ದಂತಿರುವ ಸ್ಯಾಡಲ್‌ಬ್ಯಾಕ್ ನನ್ನ ಕಾಲ ಬಳಿಯೇ ತರಗೆಲೆ ಕೆದರುತ್ತಿತ್ತು. ಬಾವಲಿ ಬಿಟ್ಟರೆ ನೆಲದ ಮೇಲಿನ ಸಸ್ತನಿಗಳೇ ಇಲ್ಲದ ನಾಡಿನಲ್ಲಿ ಬೆಳೆದ ಹಕ್ಕಿಗಳಿವು. ಇಲಿ, ಬೆಕ್ಕು, ಮುಂಗುಸಿಯಂತೆ ಕಾಣುವ ಬೇಟೆಗಾರ ಪ್ರಾಣಿ ಸ್ಟೋಟ್ ಬಂದಿಳಿದಾಗ ಹೆದರಬೇಕೆಂಬುದೇ ಗೊತ್ತಿರಲಿಲ್ಲ.

ಆ ಇಲಿಗಳನ್ನು ಇಲ್ಲಿಂದ ಓಡಿಸಿದ್ದು ಮರ ನೆಟ್ಟಲ್ಲ. 1993ರಲ್ಲಿ ಆಕಾಶದಿಂದ ವಿಷದ ಕಾಳು ಸುರಿದರು. ಹಕ್ಕಿಪ್ರೇಮದ ಕಥೆಗಳಲ್ಲಿ ಈ ಪುಟವನ್ನು ಸಾಮಾನ್ಯವಾಗಿ ಮಡಚಿಟ್ಟುಬಿಡುತ್ತಾರೆ. ನಮ್ಮ ಗೈಡ್ ಹಾಗೆ ಮಾಡಲಿಲ್ಲ, ನೇರವಾಗಿ ಹೇಳಿದರು; ಅವರ ಮೇಲೆ ನನಗೆ ಗೌರವ ಹುಟ್ಟಿದ್ದು ಅಲ್ಲೇ.

1865ರಿಂದ ಬೆಳಗುತ್ತಿರುವ ಲೈಟ್‌ಹೌಸ್ ಹತ್ತಿರದ ಹುಲ್ಲಿನಲ್ಲಿ ಟಾಕಹೆ ಹಕ್ಕಿ ಸಿಕ್ಕಿತು. ಕೋಳಿಗಿಂತ ದಪ್ಪ, ಗಾಢ ನೀಲಿ ಮೈ, ಬೆನ್ನಿಗೆ ಹಸಿರು, ಹಣೆತನಕ ಹತ್ತಿದ ಕೆಂಪು ಕೊಕ್ಕು. ಹಾರಲು ಬಾರದು. ಹುಲ್ಲಿನ ದಂಟನ್ನು ಕಿತ್ತು, ಒಂದು ಕಾಲಲ್ಲಿ ಹಿಡಿದುಕೊಂಡು, ಬುಡದ ಮೆತ್ತನೆ ಭಾಗವನ್ನಷ್ಟೇ ತಿಂದು ಉಳಿದದ್ದನ್ನು ಎಸೆಯುತ್ತಿತ್ತು. ಭಾರಿ ಶೋಕಿ! ಈ ಜಾತಿಯೇ ಅಳಿದುಹೋಯಿತೆಂದು ಲೆಕ್ಕ ಮುಗಿಸಿ ಅರ್ಧ ಶತಮಾನವಾದ ಮೇಲೆ, 1948ರಲ್ಲಿ, ಜೆಫ್ರಿ ಆರ್ಬೆಲ್ ಎಂಬ ವೈದ್ಯರು ದಕ್ಷಿಣ ದ್ವೀಪದ ಮರ್ಚಿಸನ್ ಬೆಟ್ಟಗಳಲ್ಲಿ ಅದನ್ನು ಮತ್ತೆ ಕಂಡರು. ಈಗ ಎಲ್ಲ ಸೇರಿ ಐನೂರರ ಆಸುಪಾಸು. ಆ ಐನೂರರಲ್ಲೊಂದು ನನ್ನ ಊಟದ ಡಬ್ಬಿಯ ಮೇಲೆ ಕಣ್ಣಿಟ್ಟು ಸುತ್ತು ಹಾಕುತ್ತಿತ್ತು. ತಿನಿಸು ಕೊಡುವಂತಿಲ್ಲ. ಮುಚ್ಚಳ ಹಾಕಿ ತೊಡೆಯ ಮೇಲಿಟ್ಟುಕೊಂಡೆ.

ಹಿಹಿ ಹಕ್ಕಿಗೆ ಮಾತ್ರ ಮನುಷ್ಯ ಕೊಡಲೇಬೇಕು. ಒಂದು ಕಾಲಕ್ಕೆ ಹಾವುಟುರು ದ್ವೀಪವೊಂದರಲ್ಲೇ ಉಳಿದಿದ್ದ ಇದನ್ನು 1995ರಲ್ಲಿ ಇಲ್ಲಿಗೆ ತಂದರು. ಇಲ್ಲಿನ ಕಾಡಿಗೆ ಇನ್ನೂ ವಯಸ್ಸು ಸಾಲದು. ಗೂಡಿಗೆ ಪೊಟರೆಯಾಗುವಂಥ ಹಳೆಯ ಮರಗಳು ಕಡಿಮೆ. ಹಾಗಾಗಿ ಮರದ ಪೆಟ್ಟಿಗೆ ಕಟ್ಟಿದ್ದಾರೆ, ಸಕ್ಕರೆ ನೀರು ಇಡುತ್ತಾರೆ. ನೀರಿನ ಪಾತ್ರೆಯ ಸುತ್ತ ಬಲೆಯ ಗೂಡು, ಹಿಹಿಗಿಂತ ದೊಡ್ಡ ಹಕ್ಕಿ ನುಗ್ಗದಂತೆ.

"ಈ ಪಾತ್ರೆ ತೊಳೆದು ತುಂಬಿಸೋದು ಯಾರು?" ಎಂದು ಅಕ್ಕನ ಮಗಳು ವಿಚಾರಿಸಿದಳು. ಅದಕ್ಕೂ ಸ್ವಯಂಸೇವಕರು ಬರುತ್ತಾರಂತೆ. ಅವಳು ಅಲ್ಲೇ ನಿಂತು ಹೆಸರು ಕೊಡುವುದು ಹೇಗೆ, ಎಷ್ಟು ದಿನ ಇರಬೇಕು, ಮಲಗಲು ಜಾಗ ಎಲ್ಲಿ ಎಂದೆಲ್ಲ ಶುರುಮಾಡಿದಳು. ಫೆರಿಗೆ ಹೊತ್ತಾಯಿತೆಂದು ನಾನು ಕೈಹಿಡಿದು ಎಳೆಯಬೇಕಾಯಿತು.