ಇನ್ನೂರು ಗ್ರಾಂ ಕೆಂಪು ಜೋಳ

ಕಳೆದ ಶನಿವಾರ ಟೋಕಿಯೊದ ಅವೊಯಾಮಾ ಸಂತೆಯಲ್ಲಿ ಕೆಂಪು ಜೋಳ ಸಿಕ್ಕಿತು. ಇಲ್ಲಿ ಅದಕ್ಕೆ ತಕಾಕಿಬಿ ಎನ್ನುತ್ತಾರೆ. ಇನ್ನೂರು ಗ್ರಾಂ ಪೊಟ್ಟಣ. ಬೆಲೆ ಹೇಳಿದರೆ ಇಂಡಿ ತಾಲ್ಲೂಕಿನ ನಮ್ಮ ಓಣಿಯವರು ನನಗೆ ತಲೆ ಕೆಟ್ಟಿದೆ ಎಂದಾರು, ಹಾಗಾಗಿ ಹೇಳುವುದಿಲ್ಲ.

ಈ ಸಂತೆ ಕೂಡುವುದು ವಿಶ್ವಸಂಸ್ಥೆಯ ವಿಶ್ವವಿದ್ಯಾಲಯದ ಅಂಗಳದಲ್ಲಿ. ಕೆಂಜೊ ತಾಂಗೆ ವಿನ್ಯಾಸದ ಕಟ್ಟಡ ಮೇಲೆ ಹೋದಂತೆ ಕಿರಿದಾಗುತ್ತದೆ. ಕೆಳಗೆ ಶನಿವಾರ, ಭಾನುವಾರ ಮೂಲಂಗಿ, ಅಣಬೆ, ಜೇನಿನ ಸಾಲು. ಜೊತೆಗೆ ಪಕ್ಕದ ಮನೆಯ ಅಜ್ಜಿ ಬಂದಿದ್ದರು. ಎಂಬತ್ತೆಂಟು ವರ್ಷ. ನೂಕುಗಾಡಿ ಹಿಡಿದು ನನಗಿಂತ ಬೇಗ ನಡೆಯುತ್ತಾರೆ.

"ಒಳಗೆ ಏನು ಕಲಿಸುತ್ತಾರೆ?" ಎಂದು ಅವರು ಕೇಳಿದ್ದೇ ತಡ, ನನ್ನೊಳಗಿನ ಎಂ.ಎ. ಎದ್ದು ಕುಳಿತಿತು. 1969ರಲ್ಲಿ ಆಗಿನ ವಿಶ್ವಸಂಸ್ಥೆಯ ಮಹಾಕಾರ್ಯದರ್ಶಿ ಊ ಥಾಂಟ್ ಇಂಥದೊಂದು ವಿಶ್ವವಿದ್ಯಾಲಯ ಬೇಕೆಂದದ್ದು, 1973ರಲ್ಲಿ ಸನ್ನದಿಗೆ ಒಪ್ಪಿಗೆ ಸಿಕ್ಕಿದ್ದು, 1975ರಲ್ಲಿ ಟೋಕಿಯೊದಲ್ಲಿ ಕೆಲಸ ಶುರುವಾದದ್ದು, ಬಾನ್, ಮಾಸ್ಟ್ರಿಕ್ಟ್, ಹೆಲ್ಸಿಂಕಿಗಳಲ್ಲಿ ಅದರ ಸಂಸ್ಥೆಗಳಿರುವುದು, ಎಲ್ಲವನ್ನೂ ನನ್ನ ಹರಕುಮುರುಕು ಜಪಾನಿ ಭಾಷೆಯಲ್ಲಿ ಒದರಿದೆ. ಹಸಿವು, ಯುದ್ಧ, ಬಡತನ ಏಕೆ ಬರುತ್ತವೆಂದು ಶೋಧಿಸುವ ಜಾಗ. ಸ್ನಾತಕೋತ್ತರ ಪದವಿ ಶುರುವಾದದ್ದೇ 2010ರಲ್ಲಿ. (ಇದನ್ನೇ ಊರಿನಲ್ಲಿ ಚಿಕ್ಕಪ್ಪನ ಮಗನಿಗೆ ಹೇಳಿದಾಗ ಅವನು ಕೇಳಿದ್ದು ಒಂದೇ ಪ್ರಶ್ನೆ: "ಓದಿದ ಮೇಲೆ ಎಷ್ಟು ಸಂಬಳ ಬರುತ್ತದೆ?" ಆಗ ಅವನ ಮೇಲೆ ಬಹಳ ಸಿಟ್ಟು ಬಂದಿತ್ತು.)

ಅಜ್ಜಿ ಎಲ್ಲ ಕೇಳಿ ತಲೆಯಾಡಿಸಿದರು. ಹಿಂತಿರುಗುವಾಗ ಹತ್ತಿರದ ರೈಲು ನಿಲ್ದಾಣದ ಮೆಟ್ಟಿಲು ಬಿಟ್ಟು ಒಮೊತೆಸಾಂಡೊ ಚೌಕದವರೆಗೆ ನಡೆಸಿಕೊಂಡು ಹೋದರು. ಅಲ್ಲಿ ರಸ್ತೆಯ ಎರಡೂ ಬದಿಗೆ ಎತ್ತರದ ಕಲ್ಲಿನ ದೀಪಸ್ತಂಭಗಳಿವೆ. ನೂರಾರು ಸಲ ಅವುಗಳ ಮುಂದೆ ಹಾದು ಹೋಗಿದ್ದೇನೆ. ಅಂಚು ಚಕ್ಕೆ ಎದ್ದಿರುವುದನ್ನು, ಕಲ್ಲಿನಲ್ಲಿ ಕಪ್ಪು ಕೂತಿರುವುದನ್ನು ಅಂದೇ ನೋಡಿದ್ದು. 1945ರ ಮೇ 25ರ ರಾತ್ರಿ ಬಾಂಬು ಬಿದ್ದಾಗ, ಅಗಲವಾದ ರಸ್ತೆಯಾದ್ದರಿಂದ ಬೆಂಕಿ ತಾಗಲಾರದೆಂದು ಜನ ಇಲ್ಲಿಗೇ ಓಡಿ ಬಂದರಂತೆ. ಸಾಲುಮರಗಳೇ ಹೊತ್ತಿಕೊಂಡವು. ಅಜ್ಜಿಗೆ ಆಗ ಎಂಟು ವರ್ಷ. ತಾಯಿ ಒದ್ದೆ ಹಾಸಿಗೆ ಹೊದಿಸಿ ಎಳೆದುಕೊಂಡು ಓಡಿದರು. ಅಕ್ಕ ಹಿಂದೆ ಉಳಿದರು.

ಇಷ್ಟನ್ನು ತರಕಾರಿಯ ದರ ಹೇಳುವ ದನಿಯಲ್ಲಿ ಹೇಳಿ, ಕಲ್ಲಿನ ಮೇಲಿಟ್ಟ ಕೈ ತೆಗೆದರು. "ಯುದ್ಧದ ವಿಷಯ ತಿಳಿಯಲು ಅಷ್ಟೊಂದು ದೇಶಗಳಿಂದ ಬರುತ್ತಾರಲ್ಲ, ಒಳ್ಳೆಯದು. ನೀವು ಆರು ವರ್ಷದಿಂದ ನನ್ನ ಪಕ್ಕದ ಬಾಗಿಲಿನಲ್ಲೇ ಇದ್ದೀರಿ."

ಆಕ್ಷೇಪವೇನೂ ಇರಲಿಲ್ಲ ಆ ಮಾತಿನಲ್ಲಿ. ಅದಕ್ಕೇ ಚುಚ್ಚಿತು.

ಮನೆಗೆ ಬಂದು ಪೊಟ್ಟಣ ಒಡೆದು ತಟ್ಟೆಗೆ ಸುರಿದೆ. ಬಿಳಿಜೋಳದ ಊರಿನವಳು ನಾನು. ಆದರೆ ನಮ್ಮ ಅಜ್ಜ ಕೆಂಪು ಜೋಳವನ್ನು ಮನೆಯೊಳಗೆ ಬಿಡುತ್ತಿರಲಿಲ್ಲ. 1972ರ ಬರದಲ್ಲಿ ಭೀಮಾ ನದಿ ದಾಟಿ ಸೊಲ್ಲಾಪುರದ ಕಡೆ ಹೋಗಿ, ಬರಗಾಲದ ಕಾಮಗಾರಿಯಲ್ಲಿ ಜಲ್ಲಿ ಒಡೆದಿದ್ದನಂತೆ. ತಿನ್ನಲು ಅಮೆರಿಕದಿಂದ ಬಂದ ಕೆಂಪು ಜೋಳ; ರೊಟ್ಟಿ ಬಡಿದರೆ ಹರಿಯುತ್ತಿತ್ತಂತೆ. ನನಗೆ ಗೊತ್ತಿರುವುದು ಇಷ್ಟೇ, ಅದೂ ಅವ್ವನ ಬಾಯಿಂದ.

ಧಾರವಾಡದಲ್ಲಿ ಅರ್ಥಶಾಸ್ತ್ರ ಓದುವಾಗ, ಇದೇ ವಿಶ್ವವಿದ್ಯಾಲಯದ ಹೆಲ್ಸಿಂಕಿ ಸಂಸ್ಥೆಗಾಗಿ ಜಾನ್ ಡ್ರೇಜ್ ಮಾಡಿದ ಅಧ್ಯಯನವನ್ನು ಗೆರೆ ಎಳೆದೆಳೆದು ಓದಿದ್ದೆ. ಅಮರ್ತ್ಯ ಸೇನ್ ಅಲ್ಲಿ ಸಲಹೆಗಾರರಾಗಿದ್ದ ಕಾಲದ್ದು. ಮಹಾರಾಷ್ಟ್ರದ 1970-73ರ ಬರ ಅದರಲ್ಲಿತ್ತು: ಮಳೆ ಕೈಕೊಟ್ಟರೂ ಕಾಮಗಾರಿಯ ಕೂಲಿ ಜನರನ್ನು ಹೇಗೆ ಉಳಿಸಿತು ಎಂಬುದು. ಪರೀಕ್ಷೆಯಲ್ಲಿ ಅದೇ ಪ್ರಶ್ನೆ ಬಂದು ಒಳ್ಳೆಯ ಅಂಕವೂ ಸಿಕ್ಕಿತು. ಆ ರಜೆಯಲ್ಲಿ ಊರಿಗೆ ಹೋದಾಗ ಅಜ್ಜ ಕಟ್ಟೆಯ ಮೇಲೆ ಕುಳಿತು ಎಲೆ ಅಡಿಕೆ ಕುಟ್ಟುತ್ತಿದ್ದ. ನಾನು ಅಂಕಪಟ್ಟಿ ತೋರಿಸಿದೆ.

ರಾತ್ರಿ ಅವ್ವನಿಗೆ ಫೋನ್ ಮಾಡಿದೆ. ಅಜ್ಜ ಎಷ್ಟು ತಿಂಗಳು ಜಲ್ಲಿ ಒಡೆದ, ಕೂಲಿ ಎಷ್ಟಿತ್ತು, ಜೊತೆಗೆ ಯಾರಿದ್ದರು ಎಂದು ಕೇಳಿದೆ.

"ಅದನ್ನೆಲ್ಲ ಅವನನ್ನೇ ಕೇಳಬೇಕಿತ್ತು" ಎಂದಳು ಅವ್ವ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಊಟ ಆಯಿತಾ?" ಎಂದಳು.