ಪಿಂಗ್ ಬರ್ತದೆ, ಲೆಕ್ಕ ಓಪನ್ ಆಗುದಿಲ್ಲ

ಆಟಿ ತಿಂಗಳ ಮಳೆ. ಉಡುಪಿಯಲ್ಲಿ ಕರೆಂಟ್ ಹೋಗಿ ಬಂದ ಸ್ವಲ್ಪ ಹೊತ್ತಿಗೆ ಗೇರುಬೀಜ ವ್ಯಾಪಾರದ ಕಚೇರಿಯೊಂದರಿಂದ ಫೋನ್ ಬಂತು. "ಸರ್, ಒಂದು ಕಂಪ್ಯೂಟರ್‌ನಲ್ಲಿ ಪಿಂಗ್ ಬರ್ತದೆ, ಲೆಕ್ಕ ಮಾತ್ರ ಓಪನ್ ಆಗುದಿಲ್ಲ. ಇನ್ನೊಂದರಲ್ಲಿ ಹೆಸರೇ ಸಿಗುದಿಲ್ಲ. ಬಾಕಿ ನಾಲ್ಕು ಸರಿ ಉಂಟು." ಪಿಂಗ್ ಅಂದರೆ ಇನ್ನೊಂದು ಯಂತ್ರ ಉತ್ತರಿಸುತ್ತದೆಯೇ ಎಂದು ಕೂಗಿ ನೋಡುವ ಆಜ್ಞೆ. ಅಲ್ಲಿನ ಬಿಲ್ಲಿಂಗ್ ಸರ್ವರ್‌ನ ಹೆಸರು ಲೆಕ್ಕ.ಲ್ಯಾನ್. ಆ ಹೆಸರಿನ ಐಪಿ ವಿಳಾಸ (ಜಾಲದಲ್ಲಿ ಯಂತ್ರದ ಸಂಖ್ಯೆ) ಹೇಳುವುದು ರೌಟರ್‌ನೊಳಗಿನ ಡಿಎನ್‌ಎಸ್‌ಮಾಸ್ಕ್ ಎಂಬ ತಂತ್ರಾಂಶ. ಹೀಗೆ ಹೆಸರಿಗೆ ವಿಳಾಸ ಹೇಳುವ ವ್ಯವಸ್ಥೆಯೇ ಡಿಎನ್‌ಎಸ್.

ಹೋಗಿ ನೋಡುವಷ್ಟರಲ್ಲಿ ಎರಡೂ ಕಂಪ್ಯೂಟರ್‌ಗಳಲ್ಲಿ ಐಪಿಕಾನ್ಫಿಗ್ /ಫ್ಲಶ್‌ಡಿಎನ್‌ಎಸ್ ಆಜ್ಞೆ ಕೊಟ್ಟಾಗಿತ್ತು, ಅಂದರೆ ಕ್ಯಾಶ್ (ವಿಂಡೋಸ್ ನೆನಪಿಟ್ಟುಕೊಂಡ ಉತ್ತರಗಳು) ಅಳಿಸಿಯಾಗಿತ್ತು. ಎಲ್ಲರೂ ಮೊದಲು ಮಾಡುವುದು ಇದನ್ನೇ, ಆದರೆ ಇದು ಕೊನೆಗೆ ಮಾಡಬೇಕಾದ ಕೆಲಸ. ಕ್ಯಾಶ್ ಅಳಿಸಿದರೆ ತಪ್ಪು ಉತ್ತರದ ಗುರುತೂ ಅಳಿಸಿಹೋಗುತ್ತದೆ. ಮೊದಲು ಐಪಿಕಾನ್ಫಿಗ್ /ಡಿಸ್‌ಪ್ಲೇಡಿಎನ್‌ಎಸ್ ಕೊಟ್ಟು ಯಾವ ಹೆಸರಿಗೆ ಯಾವ ವಿಳಾಸ ಉಳಿದಿದೆ, ಇನ್ನೆಷ್ಟು ಸೆಕೆಂಡ್ ಉಳಿಯುತ್ತದೆ ಎಂದು ಬರೆದಿಟ್ಟುಕೊಳ್ಳಬೇಕು. ಅದಲ್ಲದೆ ಡಿಎನ್‌ಎಸ್‌ಮಾಸ್ಕ್ ತಾನೇ ವಿಳಾಸ ಕೊಟ್ಟ ಯಂತ್ರಗಳ ಹೆಸರಿಗೆ, ಸೆಟ್ಟಿಂಗ್ ಬದಲಿಸದಿದ್ದರೆ, ಟಿಟಿಎಲ್ (ಉತ್ತರವನ್ನು ಇಟ್ಟುಕೊಳ್ಳಬಹುದಾದ ಸಮಯ) ಸೊನ್ನೆ ಎಂದೇ ಉತ್ತರಿಸುತ್ತದೆ. ಅಂದರೆ ಆ ಉತ್ತರವನ್ನು ಇಟ್ಟುಕೊಳ್ಳಬೇಡ ಎಂದರ್ಥ. ಹಾಗಾಗಿ ಇಂಥ ಕಡೆ ಕ್ಯಾಶ್ ಮೇಲೆ ಅನುಮಾನಪಡುವ ಮೊದಲು ಬೇರೆ ಜಾಗ ನೋಡುವುದು ಒಳ್ಳೆಯದು.

ಮೊದಲ ಕಂಪ್ಯೂಟರ್‌ನಲ್ಲಿ ಪಿಂಗ್ ಲೆಕ್ಕ.ಲ್ಯಾನ್ ಎಂದರೆ 192.168.1.20ರಿಂದ ಉತ್ತರ. ಎನ್‌ಎಸ್‌ಲುಕಪ್ ಲೆಕ್ಕ.ಲ್ಯಾನ್ ಎಂದರೆ 192.168.1.34. ಅರ್ಧ ರೋಗ ಇಲ್ಲೇ ಗೊತ್ತಾಯಿತು. ಪಿಂಗ್ ವಿಂಡೋಸ್‌ನ ಮಾಮೂಲು ದಾರಿಯಲ್ಲಿ ಹೋಗುತ್ತದೆ: ಹೋಸ್ಟ್ಸ್ ಫೈಲ್ (ಕಂಪ್ಯೂಟರ್‌ನೊಳಗೇ ಹೆಸರು, ವಿಳಾಸ ಬರೆದಿಡುವ ಫೈಲ್), ಕ್ಯಾಶ್, ಆಮೇಲೆ ಡಿಎನ್‌ಎಸ್ ಸರ್ವರ್. ಎನ್‌ಎಸ್‌ಲುಕಪ್ ಮೊದಲ ಎರಡನ್ನೂ ಬಿಟ್ಟು ನೇರ ಸರ್ವರ್‌ನ್ನೇ ಕೇಳುತ್ತದೆ. ಎರಡೂ ಬೇರೆ ಬೇರೆ ಹೇಳಿದರೆ ದೋಷ ಆ ಕಂಪ್ಯೂಟರ್‌ನಲ್ಲಿ. ಎರಡೂ ಒಂದೇ ತಪ್ಪು ಹೇಳಿದರೆ ರೌಟರ್ ಕಡೆ ತಿರುಗಬೇಕು.

ಫ್ಲಶ್ ಮಾಡಿದ ಮೇಲೂ ಡಿಸ್‌ಪ್ಲೇಡಿಎನ್‌ಎಸ್‌ನಲ್ಲಿ 20ರ ಸಾಲು ಹೋಗಿರಲಿಲ್ಲ. ಫ್ಲಶ್‌ಗೆ ಬಗ್ಗದ ಸಾಲು ಹೋಸ್ಟ್ಸ್ ಫೈಲಿನದ್ದು. ಸಿ ಡ್ರೈವ್‌ನಲ್ಲಿ ವಿಂಡೋಸ್, ಸಿಸ್ಟಮ್32, ಡ್ರೈವರ್ಸ್, ಇಟಿಸಿ ಫೋಲ್ಡರ್‌ಗಳ ಒಳಗೆ ಅದು ಇರುತ್ತದೆ. 1983ರಲ್ಲಿ ಡಿಎನ್‌ಎಸ್ ರೂಪುಗೊಳ್ಳುವ ಮೊದಲು ಜಾಲದ ಹೆಸರುಗಳೆಲ್ಲ ಇಂಥದೇ ಒಂದು ಫೈಲಿನಲ್ಲಿರುತ್ತಿದ್ದವು. ಇಲ್ಲಿ ಹಿಂದೆ ಯಾರೋ ಅವಸರಕ್ಕೆ ಬರೆದ ಒಂದು ಸಾಲು ಉಳಿದುಬಿಟ್ಟಿತ್ತು. ನೋಟ್‌ಪ್ಯಾಡನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆಯದಿದ್ದರೆ ಈ ಫೈಲ್ ಸೇವ್ ಆಗುವುದಿಲ್ಲ. ಇನ್ನೊಂದು ಎಚ್ಚರ: ಹೆಸರಿನ ಕೊನೆಗೆ ಟಿಎಕ್ಸ್‌ಟಿ ಸೇರಿಕೊಂಡರೆ ವಿಂಡೋಸ್ ಆ ಹೊಸ ಫೈಲನ್ನು ಓದುವುದೇ ಇಲ್ಲ, ಹಳೆಯದರ ಆಟ ಮುಂದುವರಿಯುತ್ತದೆ.

ಹಾಗಾದರೆ ಪಿಂಗ್‌ಗೆ ಉತ್ತರ ಕೊಟ್ಟವರು ಯಾರು? ಯಾವ ಐಪಿ ಯಾವ ಯಂತ್ರದ್ದು ಎಂದು ತೋರಿಸುವ ಎಆರ್‌ಪಿ -ಎ ಕೊಟ್ಟು 20ರ ಎದುರಿನ ಮ್ಯಾಕ್ ವಿಳಾಸವನ್ನು (ಯಂತ್ರದ ನೆಟ್‌ವರ್ಕ್ ಕಾರ್ಡಿನ ಗುರುತು) ಸರ್ವರ್‌ನ ಮ್ಯಾಕ್ ವಿಳಾಸದ ಜೊತೆ ಅಕ್ಷರ ಅಕ್ಷರ ಹೋಲಿಸಿದೆವು. ತಾಳೆಯಾಗಲಿಲ್ಲ. ಅದು ಒಬ್ಬರ ಮೊಬೈಲ್. ಕರೆಂಟ್ ಬಂದಾಗ ರೌಟರ್ ಯಾರಿಗೆ ಯಾವ ವಿಳಾಸ ಕೊಟ್ಟಿದ್ದೆ ಎಂಬ ಪಟ್ಟಿಯನ್ನು ಮರೆತಿತ್ತು. ಯುಪಿಎಸ್ ಬ್ಯಾಟರಿ ಸೋತು ನಿಂತಿದ್ದ ಸರ್ವರ್ ಏಳುವ ಮೊದಲೇ 20 ಮೊಬೈಲ್‌ಗೆ ಹೋಗಿ, ಸರ್ವರ್‌ಗೆ 34 ಸಿಕ್ಕಿತ್ತು. ಪಿಂಗ್ ಬಂತೆಂದರೆ ಆ ವಿಳಾಸದಲ್ಲಿ ಏನೋ ಒಂದು ಎಚ್ಚರವಾಗಿದೆ ಎಂದಷ್ಟೇ ಅರ್ಥ.

ಎರಡನೆಯ ಕಂಪ್ಯೂಟರ್‌ನ ಕಥೆ ಬೇರೆ. ಎನ್‌ಎಸ್‌ಲುಕಪ್‌ಗೆ 34 ಸರಿಯಾಗಿಯೇ ಸಿಗುತ್ತಿತ್ತು, ಪಿಂಗ್‌ಗೆ ಹೆಸರು ಸಿಗುತ್ತಿರಲಿಲ್ಲ. ಐಪಿಕಾನ್ಫಿಗ್ /ಆಲ್ ಕೊಟ್ಟಾಗ ಎರಡು ಡಿಎನ್‌ಎಸ್ ಕಂಡವು: ರೌಟರ್, ಮತ್ತು ಕೈಯಾರೆ ಹಾಕಿದ ಗೂಗಲ್‌ನ 8.8.8.8. ಎರಡನೆಯದು ಮೊದಲನೆಯದಕ್ಕೆ ಆಸರೆ ಎಂದು ಬಹಳ ಮಂದಿ ನಂಬಿದ್ದಾರೆ. ರೌಟರ್ ಉತ್ತರಿಸಲು ತಡಮಾಡಿದರೆ ವಿಂಡೋಸ್ 8.8.8.8ನ್ನು ಕೇಳುತ್ತದೆ, ಕಚೇರಿಯೊಳಗಿನ ಹೆಸರು ಅದಕ್ಕೆ ಹೇಗೆ ಗೊತ್ತಿರಬೇಕು? "ಇಂಥ ಹೆಸರೇ ಇಲ್ಲ" ಎನ್ನುತ್ತದೆ. ವಿಂಡೋಸ್‌ಗೆ ಅದೇ ಪೂರ್ತಿ ಉತ್ತರ, ಮತ್ತೆ ರೌಟರ್‌ನ್ನು ಕೇಳುವುದಿಲ್ಲ. ಎನ್‌ಎಸ್‌ಲುಕಪ್ ಲೆಕ್ಕ.ಲ್ಯಾನ್ 8.8.8.8 ಎಂದು ಕೊಟ್ಟರೆ ಅದೇ ಉತ್ತರವನ್ನು ಕಣ್ಣಾರೆ ನೋಡಬಹುದು. 8.8.8.8 ಬೇಕಿದ್ದರೆ ಅದರ ಜಾಗ ರೌಟರ್‌ನೊಳಗೆ, ಕಂಪ್ಯೂಟರ್‌ಗಳಲ್ಲಿ ರೌಟರ್ ಒಂದೇ ಇರಬೇಕು.

ಹೋಸ್ಟ್ಸ್ ಸಾಲು ಅಳಿಸಿ, 8.8.8.8 ತೆಗೆದು, ರೌಟರ್‌ನಲ್ಲಿ ಯಂತ್ರಗಳಿಗೆ ವಿಳಾಸ ಹಂಚುವ ಡಿಎಚ್‌ಸಿಪಿ ಪುಟದಲ್ಲಿ ಸರ್ವರ್‌ನ ಮ್ಯಾಕ್ ವಿಳಾಸಕ್ಕೆ 20ನ್ನು ಕಾದಿರಿಸಿದೆವು. ಫ್ಲಶ್ ಮಾಡಿದ್ದು ಆಮೇಲೆ. ಕ್ರೋಮ್ ತನ್ನದೇ ಕ್ಯಾಶ್ ಇಟ್ಟುಕೊಳ್ಳುವುದರಿಂದ ಅದನ್ನೂ ಮುಚ್ಚಿ ತೆರೆಯಬೇಕು. ಅದರ ಸೆಕ್ಯೂರ್ ಡಿಎನ್‌ಎಸ್‌ನಲ್ಲಿ ಹೊರಗಿನ ಕಂಪನಿಯೊಂದನ್ನು ಆರಿಸಿಟ್ಟಿದ್ದರೆ ಒಳಗಿನ ಹೆಸರುಗಳು ಸಿಗುವುದಿಲ್ಲ, ಆ ಸೆಟ್ಟಿಂಗನ್ನೂ ನೋಡಿಕೊಳ್ಳಬೇಕು.

ಕೊನೆಗೆ ರೌಟರ್, ಸರ್ವರ್ ಎರಡನ್ನೂ ಬೇಕೆಂದೇ ಆಫ್ ಮಾಡಿದೆವು. ರೌಟರ್ ಮೊದಲು ಹಾಕಿ, ಮೊಬೈಲ್‌ಗಳೆಲ್ಲ ವೈಫೈ ಹಿಡಿದ ಮೇಲೆ ಸರ್ವರ್ ಹಾಕಿದೆವು. ಆರೂ ಕಂಪ್ಯೂಟರ್‌ಗಳಲ್ಲಿ ಪಿಂಗ್‌ಗೆ 20 ಬಂತು, ಎಆರ್‌ಪಿಯಲ್ಲಿ ಅದರ ಎದುರು ಸರ್ವರ್‌ನದೇ ಮ್ಯಾಕ್ ವಿಳಾಸ ಇತ್ತು.