ಸ್ಕ್ರೂಡ್ರೈವರಿಗೆ ಕಿವಿಗೊಟ್ಟ ದಿನ

ಜುಲೈ ತಿಂಗಳ ಒಂದು ಸೋಮವಾರ, ಕಾಸರಗೋಡು ಜಿಲ್ಲೆಯ ಬದಿಯಡ್ಕದ ನನ್ನ ಅಂಗಡಿಯ ಬಾಗಿಲು ತೆಗೆಯುವ ಮೊದಲೇ ಮುಳ್ಳೇರಿಯ ಕಡೆಯ ಸಹಕಾರಿ ಸಂಘವೊಂದರ ಕಾರ್ಯದರ್ಶಿಯವರ ಫೋನ್ ಬಂತು. "ಸರ್ವರಿನೊಳಗೆ ಅಡಿಕೆ ಸುಲಿಯುವ ಮೆಶಿನ್ ತಿರುಗಿದ ಹಾಗೆ ಶಬ್ದ ಬರ್ತಾ ಉಂಟು ಮಾರಾಯ್ರೆ, ಹಾರ್ಡ್ ಡಿಸ್ಕ್ ಹೋಯ್ತು ಅಂತ ಕಾಣ್ತದೆ, ಹೊಸತೊಂದು ಹಿಡ್ಕೊಂಡೇ ಬನ್ನಿ" ಎಂದರು. ರೋಗಿಯೇ ಮದ್ದಿನ ಚೀಟಿ ಬರೆದುಕೊಂಡು ಬರುವುದು ನಮ್ಮ ಕಸುಬಿನಲ್ಲಿ ಹೊಸತಲ್ಲ. ಡಿಸ್ಕನ್ನು ಚೀಲಕ್ಕೆ ಹಾಕಿಕೊಂಡೆನಾದರೂ ಅವರ ಮಾತನ್ನು ಪೂರ್ತಿ ನಂಬಲಿಲ್ಲ.

ಹಳೆಯ ಕಡತಗಳನ್ನು ತುಂಬಿದ ಹಿಂಬದಿಯ ಕೋಣೆಯಲ್ಲಿ, ಮೇಜಿನ ಕೆಳಗೆ ಏಳು ವರ್ಷ ಹಳೆಯ ಟವರ್ ಸರ್ವರ್ ಇತ್ತು. ಸ್ವಿಚ್ಚಿನ ಮೇಲೆ ಮಲಯಾಳದಲ್ಲಿ 'ತೊಡರುತ್' ಎಂದೂ ಅದರ ಕೆಳಗೆ ಕನ್ನಡದಲ್ಲಿ 'ಮುಟ್ಟಬೇಡಿ' ಎಂದೂ ಬರೆದು ಅಂಟಿಸಿದ್ದರು. ಕಿಟಕಿಯ ಒಂದು ಗಾಜು ಒಡೆದಿದ್ದು, ಮಳೆಯ ಥಂಡಿಗೆ ಗೋಡೆ ಬೆವರಿತ್ತು. ನಾನು ಮೊದಲು ಮಾಡಿದ್ದು ಲೆಕ್ಕದ ಕಡತಗಳನ್ನೆಲ್ಲ ಹೊರಗಿನ ಡಿಸ್ಕಿಗೆ ಕಾಪಿ ಮಾಡಲು ಹಾಕಿದ್ದು. ಶಬ್ದ ಯಾವುದರದ್ದೇ ಇರಲಿ, ಅದಾಗದೆ ಡಬ್ಬಿ ಬಿಚ್ಚುವ ಧೈರ್ಯ ನನಗಿಲ್ಲ.

ಕಾಪಿ ನಡೆಯುತ್ತಿದ್ದಷ್ಟು ಹೊತ್ತು ನೆಲದಲ್ಲಿ ಕುಳಿತು ಕೇಳಿದೆ. ಆ ಸರ್ವರಿನ ಡಿಸ್ಕುಗಳು ನಿಮಿಷಕ್ಕೆ 7,200 ಸುತ್ತಿನವು, ಅಂದರೆ ಸೆಕೆಂಡಿಗೆ 120 ಸುತ್ತು. ಕೆಲಸ ಹೆಚ್ಚಿರಲಿ ಕಡಿಮೆಯಿರಲಿ, ಆ ವೇಗ ಬದಲಾಗುವುದಿಲ್ಲ. ಫ್ಯಾನಿನ ವೇಗವಾದರೋ ಒಳಗಿನ ಬಿಸಿಯನ್ನು ನೋಡಿಕೊಂಡು ಏರಿಳಿಯುತ್ತದೆ. ಕಾಪಿ ಶುರುವಾಗಿ ಪ್ರೊಸೆಸರ್ ಬಿಸಿಯೇರಿದಂತೆ ಗರಗರ ಸದ್ದು ಏರಿತು, ನಡುವೆ ನಿಲ್ಲಿಸಿದಾಗ ಮೆಲ್ಲನೆ ಇಳಿಯಿತು. ಹಾಗಾದರೆ ಇದು ಫ್ಯಾನಿನದ್ದೇ ಎಂದು ಹೇಳಿ ಎದ್ದುಬಿಡುತ್ತಿದ್ದೆನೇನೋ. ಆದರೆ ಆ ಗರಗರದ ಅಡಿಯಲ್ಲಿ ಇನ್ನೊಂದು ಸಣ್ಣ ಸದ್ದಿತ್ತು: ಟಿಕ್, ಟಿಕ್, ಟಿಕ್, ಆಮೇಲೆ ಸ್ವಲ್ಪ ಹೊತ್ತು ಮೌನ, ಮತ್ತೆ ಅದೇ ಮೂರು. ಅದು ಕೇಳಿದಾಗಲೆಲ್ಲ ಕಾಪಿಯ ಗೆರೆ ಪರದೆಯ ಮೇಲೆ ನಿಂತಲ್ಲೇ ನಿಲ್ಲುತ್ತಿತ್ತು.

ವಾಹನ ರಿಪೇರಿಯವರು ಮಾಡುವಂತೆ ಉದ್ದದ ಸ್ಕ್ರೂಡ್ರೈವರಿನ ಹಿಡಿಯನ್ನು ಕಿವಿಗೊತ್ತಿ, ತುದಿಯನ್ನು ಡಿಸ್ಕ್ ಕೂರಿಸಿದ ತಗಡಿನ ಚೌಕಟ್ಟಿಗೆ ಮೃದುವಾಗಿ ತಾಗಿಸಿದೆ. ಮೇಲಿನ ಡಿಸ್ಕಿನ ಬಳಿ ಒಂದೇ ಸಮನೆ ಗುಂಯ್ ಎನ್ನುವ ನಾದ. ಕೆಳಗಿನದರಲ್ಲಿ ಆ ಟಿಕ್ ಟಿಕ್. ಡಿಸ್ಕುಗಳು ತಮ್ಮ ಆರೋಗ್ಯದ ಬಗ್ಗೆ ತಾವೇ ಬರೆದಿಡುವ ಸ್ಮಾರ್ಟ್ ದಾಖಲೆಯನ್ನು ತೆರೆದು ನೋಡಿದರೆ, ಕೆಳಗಿನದರಲ್ಲಿ ಓದಲಾಗದೆ ಬಾಕಿಯುಳಿದ ಸೆಕ್ಟರುಗಳು, ಅಂದರೆ ಮಾಹಿತಿ ಬರೆದಿಡುವ ಸಣ್ಣ ಸಣ್ಣ ಭಾಗಗಳು, 24 ಇದ್ದವು. ಸರ್ವರಿನ ದೋಷದ ಪಟ್ಟಿಯಲ್ಲಿ ಅದರ ದೂರು ಜೂನ್ ತಿಂಗಳಿನಿಂದಲೇ ಇತ್ತು. ಒಂದೇ ಮಾಹಿತಿಯನ್ನು ಎರಡೂ ಡಿಸ್ಕಿನಲ್ಲಿ ಬರೆದಿಡುವ ಮಿರರ್ ವ್ಯವಸ್ಥೆ ಇದ್ದುದರಿಂದ ಮೇಲಿನ ಡಿಸ್ಕು ಸುಧಾರಿಸಿಕೊಂಡು ಹೋಗಿತ್ತು, ಯಾರೂ ನೋಡಿರಲಿಲ್ಲ.

ಕಾಪಿ ಮುಗಿಸಿ, ವಿದ್ಯುತ್ ತಪ್ಪಿಸಿ, ಹಿಂಬದಿಯ ಫ್ಯಾನನ್ನು ಬಿಚ್ಚಿದಾಗ ಗರಗರದ ಕಥೆ ತಿಳಿಯಿತು. ಚೌಕಟ್ಟಿನ ಮೂಲೆಯಲ್ಲಿ ಕುಂಬಾರ ಹುಳ ಕೆಮ್ಮಣ್ಣಿನ ಗೂಡು ಕಟ್ಟಿತ್ತು. ಶನಿವಾರ ಸಂಜೆ ಆರಿಸಿದ ಸರ್ವರನ್ನು ಸೋಮವಾರ ಬೆಳಿಗ್ಗೆಯೇ ಹಾಕುವುದು; ಒಡೆದ ಗಾಜಿನ ದಾರಿಯೂ ಇತ್ತು, ಹುಳಕ್ಕೆ ಬಿಡುವೂ ಸಿಕ್ಕಿತ್ತು. ಹಾಕಿದೊಡನೆ ಫ್ಯಾನು ಪೂರ್ತಿ ವೇಗದಲ್ಲಿ ತಿರುಗಿ, ಏಳು ರೆಕ್ಕೆಗಳಲ್ಲಿ ಒಂದರ ತುದಿ ಗಟ್ಟಿಯಾದ ಮಣ್ಣಿಗೆ ಬಡಿದು ಮುರಿದಿತ್ತು. ಉಗುರಿನಷ್ಟಿದ್ದ ಆ ಚೂರು ಪ್ರೊಸೆಸರಿನ ಬಿಸಿ ಇಳಿಸುವ ಹೀಟ್ ಸಿಂಕಿನ ಲೋಹದ ಎಲೆಗಳ ನಡುವೆ ಸಿಕ್ಕಿಕೊಂಡಿತ್ತು. ಒಡೆದ ಗೂಡಿನೊಳಗೆ ಮರಿಗೆಂದು ತಂದಿಟ್ಟ ಹಸಿರು ಹುಳಗಳಿದ್ದವು. ಇದಕ್ಕಿಂತ ನನಗೆ ಸಿಟ್ಟು ತರಿಸಿದ್ದು ಬೇರೊಂದು: ಹಿಂದೆ ರಿಪೇರಿ ಮಾಡಿದವರು ನಡುಕ ತಡೆಯುವ ರಬ್ಬರ್ ಪಿನ್ನುಗಳನ್ನು ತೆಗೆದು, ಫ್ಯಾನನ್ನು ನೇರವಾಗಿ ತಗಡಿಗೆ ಸ್ಕ್ರೂ ಹಾಕಿ ಬಿಗಿದಿದ್ದರು. ತೂಕ ತಪ್ಪಿದ ಫ್ಯಾನಿನ ನಡುಕವೆಲ್ಲ ಡಿಸ್ಕುಗಳಿಗೆ ಹೋಗುತ್ತಿತ್ತು.

ಡಿಸ್ಕಿನಲ್ಲಿ ಓದುವ, ಬರೆಯುವ ಹೆಡ್ಡು ತಿರುಗುವ ತಟ್ಟೆಯಿಂದ ಕೆಲವೇ ನ್ಯಾನೋಮೀಟರ್ ಎತ್ತರದಲ್ಲಿ ತೇಲುತ್ತಾ, ಕೂದಲೆಳೆಗಿಂತ ಎಷ್ಟೋ ಸಣ್ಣ ಗೆರೆಯ ಮೇಲೆ ನಿಲ್ಲಬೇಕು. ಸನ್ ಮೈಕ್ರೋಸಿಸ್ಟಮ್ಸ್‌ನ ಎಂಜಿನಿಯರ್ ಬ್ರೆಂಡನ್ ಗ್ರೆಗ್ 2008ರಲ್ಲಿ ಡಿಸ್ಕುಗಳ ಮುಂದೆ ನಿಂತು ಬೊಬ್ಬೆ ಹೊಡೆದಾಗ, ಅವು ಉತ್ತರಿಸುವುದು ತಡವಾದದ್ದು ಅಳತೆಯಲ್ಲೇ ಕಂಡಿತ್ತು. ಹಾಗಿದ್ದರೂ ಡಿಸ್ಕು ಸತ್ತದ್ದು ಫ್ಯಾನಿನಿಂದ ಎಂದು ನಾನು ಹೇಳಲಾರೆ. ಜೂನ್‌ನಲ್ಲೇ ಕೆಟ್ಟಿದ್ದಕ್ಕೆ ಈ ನಡುಕ ಇನ್ನಷ್ಟು ಕಷ್ಟ ಕೊಟ್ಟಿತು, ಅಷ್ಟೆ.

92 ಮಿಲಿಮೀಟರಿನ ನಾಲ್ಕು ತಂತಿಯ ಫ್ಯಾನು ಮಂಗಳೂರಿನಿಂದ ಬಸ್ಸಿನಲ್ಲಿ ಬರುವಾಗ ಮಧ್ಯಾಹ್ನ ಕಳೆದಿತ್ತು. ಅಷ್ಟರವರೆಗೆ ಕೌಂಟರಿನಲ್ಲಿ ರಶೀದಿಗಳನ್ನು ಕೈಯಲ್ಲೇ ಬರೆದರು. ಗಾಳಿಯ ದಿಕ್ಕಿನ ಬಾಣ ನೋಡಿ, ರಬ್ಬರ್ ಪಿನ್ನು ಹಾಕಿ ಕೂರಿಸಿದೆ. ಡಿಸ್ಕ್ ತೆಗೆಯುವಾಗ ಮಾತ್ರ ಪರದೆಯಲ್ಲಿ ಬರೆದುಕೊಂಡ ಕ್ರಮಸಂಖ್ಯೆಯನ್ನು ಲೇಬಲ್ಲಿನೊಂದಿಗೆ ಎರಡು ಸಲ ಹೋಲಿಸಿದೆ. ತಪ್ಪಿ ಒಳ್ಳೆಯದನ್ನು ಎಳೆದರೆ ಮುಗಿಯಿತು.

"ಹಾಗಾದ್ರೆ ನಾನು ಹೇಳಿದ್ದೇ ಸರಿ ಅಲ್ವಾ, ಡಿಸ್ಕೇ ಹೋದದ್ದು?" ಎಂದು ಕಾರ್ಯದರ್ಶಿಯವರು ನಕ್ಕರು. "ಡಿಸ್ಕ್ ಹೋದದ್ದು ಹೌದು ಸಾರ್, ಆದ್ರೆ ನೀವು ಕೇಳಿದ್ದು ಅದರ ಶಬ್ದ ಅಲ್ಲ" ಎಂದೆ.

ಮಿರರ್ ಮತ್ತೆ ಕಟ್ಟಿಕೊಳ್ಳಲು ರಾತ್ರಿಯಿಡೀ ಬೇಕಿದ್ದುದರಿಂದ ಆ ದಿನ ಸರ್ವರ್ ಆರಿಸಬಾರದೆಂದು ಹೇಳಿ, ಒಡೆದ ಗಾಜಿಗೆ ಸೊಳ್ಳೆಯ ಬಲೆ ಹೊಡೆಸಿದೆ. ಡಬ್ಬಿಯ ಒಳಬದಿಗೆ, ಮುಂದೆ ಬಿಚ್ಚುವವರಿಗೆಂದು, ಒಂದು ಚೀಟಿ ಅಂಟಿಸಿದೆ: ತಾರೀಕು, ಬದಲಿಸಿದ ಡಿಸ್ಕಿನ ಸಂಖ್ಯೆ, ಫ್ಯಾನಿಗೆ ಸ್ಕ್ರೂ ಹಾಕಬೇಡಿ. ಕೊನೆಯ ಸಾಲನ್ನು ಅಲ್ಲಿಯ ಗುಮಾಸ್ತೆ ಮಲಯಾಳದಲ್ಲೂ ಬರೆದುಕೊಟ್ಟರು.